ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೆ?

ಕಳೆದ ಮಳೆಗಾಲದಲ್ಲಿ ಐವತ್ತು ದಾಟಿದ ಗೃಹಿಣಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಐದಾರು ವರ್ಷಗಳಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. "ಡಾಕ್ಟ್ರೇ, ಬಲಗೈ ಬೆರಳು ಜುಮುಜುಮು ಅನ್ನುತ್ತೆ. ನರ ವೀಕ್ ಆಗಿದೆಯಾ ನೋಡಿ" ಎಂದರು. ಮಧುಮೇಹಿಗಳು ಜುಮುಜುಮು ಎಂದ ಕೂಡಲೇ ವೈದ್ಯರ ಪೆನ್ನು ತಾನಾಗಿಯೇ ಓಡುತ್ತದೆ. ನಾನೂ ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟು, ಮೂರು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ. ಹೊರಗೆ ಇನ್ನೂ ಹತ್ತು ಹದಿನೈದು ಮಂದಿ ಕಾಯುತ್ತಿದ್ದರು.

ಮೂರು ವಾರದ ನಂತರವೂ ಜುಮು ಹಾಗೇ ಇತ್ತು. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಯಾವ ಹೊತ್ತಿನಲ್ಲಿ ಹೀಗಾಗುತ್ತಮ್ಮಾ?"

"ಬೆಳಿಗ್ಗೆ ಮಾತ್ರ. ಸ್ನಾನಕ್ಕೆ ಹೋದಾಗ, ಬಿಸಿನೀರಿನ ನಲ್ಲಿ ತಿರುಗಿಸ್ತೀನಲ್ಲ, ಆಗ."

"ಮನೆಯಲ್ಲಿ ಬೇರೆ ಯಾರಿಗಾದರೂ?"

"ಸೊಸೆಗೂ ಅನ್ನುತ್ತಂತೆ. ಆದರೆ ಅವಳಿಗೆ ಸಕ್ಕರೆ ಇಲ್ಲ ಡಾಕ್ಟ್ರೇ!"

ಕಾಯಿಲೆ ಅವರ ನರಗಳಲ್ಲಿರಲಿಲ್ಲ, ಸ್ನಾನದ ಮನೆಯ ಗೀಸರಿನಲ್ಲಿತ್ತು. ಇವತ್ತೇ ಗೀಸರಿನ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಯಾರೂ ಅದನ್ನು ಹಾಕಬೇಡಿ ಎಂದೆ. ಅವರಿಗೆ ನನ್ನ ಗಾಬರಿ ವಿಚಿತ್ರವಾಗಿ ಕಂಡಿರಬೇಕು. "ಎರಡು ತಿಂಗಳಿಂದ ಹೀಗೇ ಇದೆ, ಏನೂ ಆಗಿಲ್ಲವಲ್ಲ. ರಬ್ಬರ್ ಚಪ್ಪಲಿ ಹಾಕ್ಕೊಂಡ್ರೆ ಅಷ್ಟು ಹೊಡೆಯೋದೂ ಇಲ್ಲ" ಎಂದರು.

ಈ 'ಏನೂ ಆಗಿಲ್ಲವಲ್ಲ' ಎಂಬ ಮಾತನ್ನು ನಾನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ವಾಷಿಂಗ್ ಮೆಷಿನ್ 'ಸ್ವಲ್ಪ' ಹೊಡೆಯುತ್ತದೆ, ಗ್ರೈಂಡರ್ 'ಒಂದು ತರಹ' ಹೊಡೆಯುತ್ತದೆ, ಫ್ರಿಜ್ಜಿನ ಬಾಗಿಲನ್ನು ಬಟ್ಟೆ ಹಿಡಿದು ತೆಗೆಯುತ್ತೇವೆ ಎನ್ನುವವರಿದ್ದಾರೆ. ಈ ಧೈರ್ಯ ಎಷ್ಟು ಟೊಳ್ಳು ಎಂದು ತಿಳಿಯಲು ವೈದ್ಯಶಾಸ್ತ್ರ ಬೇಕಿಲ್ಲ. ಹೈಸ್ಕೂಲಿನಲ್ಲಿ ನಾವೆಲ್ಲ ಕಲಿತು ಪರೀಕ್ಷೆ ಮುಗಿದ ಮೇಲೆ ಮರೆತ ಒಂದು ಭಾಗಾಕಾರ ಸಾಕು. ಈ ವಾರ ಆ ಲೆಕ್ಕವನ್ನೇ ಮಾಡೋಣ. ಪಕ್ಕದಲ್ಲಿ ಒಂದು ಕಾಗದ, ಪೆನ್ಸಿಲ್ ಇಟ್ಟುಕೊಂಡರೆ ಒಳ್ಳೆಯದು.

ಎಲ್ಲಕ್ಕೂ ಒಂದೇ ಮಾತು

ನಾವು ಎಲ್ಲಕ್ಕೂ 'ಕರೆಂಟ್' ಎನ್ನುತ್ತೇವೆ. ಕರೆಂಟ್ ಹೋಯಿತು, ಕರೆಂಟ್ ಹೊಡೆಯಿತು, ಕರೆಂಟ್ ಬಿಲ್ ಬಂತು. ಮೂರರಲ್ಲಿಯೂ ಅರ್ಥ ಬೇರೆ. ಹೋದದ್ದು ವೋಲ್ಟೇಜ್. ಹೊಡೆದದ್ದು ನಿಜವಾಗಿಯೂ ಕರೆಂಟ್, ಅಂದರೆ ವಿದ್ಯುತ್ ಪ್ರವಾಹ. ಬಿಲ್ ಬರುವುದು ಸಾಮರ್ಥ್ಯವನ್ನು ಗಂಟೆಗಳಿಂದ ಗುಣಿಸಿದ್ದಕ್ಕೆ.

ರಕ್ತದೊತ್ತಡ ನೋಡಿಸಿಕೊಂಡವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಹೃದಯವು ಒತ್ತಡ ಹಾಕಿ ರಕ್ತವನ್ನು ನೂಕುತ್ತದೆ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಹರಿಯುತ್ತದೆ. ಕಿರಿದಾದ ರಕ್ತನಾಳಗಳು ಈ ಹರಿವಿಗೆ ಅಡ್ಡಿಯೊಡ್ಡುತ್ತವೆ. ನಾಳಗಳು ಬಿಗಿದುಕೊಂಡಷ್ಟೂ ಅದೇ ಹರಿವಿಗೆ ಹೆಚ್ಚು ಒತ್ತಡ ಬೇಕು. ವಿದ್ಯುತ್ತಿನಲ್ಲಿ ಈ ಒತ್ತಡಕ್ಕೆ ವೋಲ್ಟೇಜ್ ಎಂದು ಹೆಸರು, ಅಳತೆ ವೋಲ್ಟ್. ಹರಿವು ಎಂದರೆ ಪ್ರವಾಹ, ಅಳತೆ ಆಂಪಿಯರ್. ಅಡ್ಡಿಗೆ ರೋಧ ಎನ್ನುತ್ತಾರೆ, ಅಳತೆ ಓಮ್.

ಇವುಗಳ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದವನು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್. ಬೀಗ ಮಾಡುವವನ ಮಗ, ವೃತ್ತಿಯಿಂದ ಶಾಲಾ ಶಿಕ್ಷಕ. ಅವನ ಊರಿನ ವಿದ್ವಾಂಸರು ಮೊದಲಿಗೆ ಅವನನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಅವನು ಹೇಳಿದ್ದು ಇಷ್ಟೇ:

ವೋಲ್ಟ್ = ಆಂಪಿಯರ್ × ಓಮ್.

ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ಸಿಕ್ಕಿತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಬರುತ್ತದೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಪ್ರವಾಹ ಬರುತ್ತದೆ. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ಸಾಮರ್ಥ್ಯ, ಅದರ ಅಳತೆ ವ್ಯಾಟ್:

ವ್ಯಾಟ್ = ವೋಲ್ಟ್ × ಆಂಪಿಯರ್.

ರಕ್ತಕ್ಕೂ ಈ ಎರಡನೆಯ ಲೆಕ್ಕ ನಡೆಯುತ್ತದೆ. ರಕ್ತದ ಒತ್ತಡವನ್ನೂ ಹರಿವನ್ನೂ ಗುಣಿಸಿ ನೋಡಿದರೆ, ವಿಶ್ರಾಂತಿಯಲ್ಲಿರುವ ಹೃದಯವು ಸುಮಾರು ಒಂದು ವ್ಯಾಟಿನ ಪಂಪು! ನಮ್ಮನ್ನು ಎಂಬತ್ತು ವರ್ಷ ನಡೆಸುವ ಯಂತ್ರ ಅಷ್ಟು ಚಿಕ್ಕದು.

ಗೀಸರಿನ ಲೆಕ್ಕ

ಈಗ ಆ ತಾಯಿಯ ಮನೆಯ ಗೀಸರಿಗೆ ಬರೋಣ. ಅದರ ಮೈಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿತ್ತು. 2000ವನ್ನು 230ರಿಂದ ಭಾಗಿಸಿ. 8.7 ಆಂಪಿಯರ್ ಬರುತ್ತದೆ. ಗೀಸರ್ ನೀರು ಕಾಯಿಸುವಾಗ ತಂತಿಯಲ್ಲಿ ಇಷ್ಟು ಪ್ರವಾಹ ಹರಿಯುತ್ತದೆ. ಇನ್ನು 230ನ್ನು 8.7ರಿಂದ ಭಾಗಿಸಿದರೆ ಸುಮಾರು 26 ಓಮ್. ಇದು ಒಳಗಿರುವ ಕಾಯಿಲ್‌ನ ರೋಧ.

ಬೇಸಿಗೆಯ ಸಂಜೆ ಹಳ್ಳಿಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದಾಗ ನೀರು ಯಾಕೆ ಬೇಗ ಕಾಯುವುದಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಕಾಯಿಲ್‌ನ ರೋಧ ಅದೇ 26 ಚಿಲ್ಲರೆ ಓಮ್, ಪ್ರವಾಹ 6.8 ಆಂಪಿಯರಿಗೆ ಇಳಿಯುತ್ತದೆ. 180ನ್ನು 6.8ರಿಂದ ಗುಣಿಸಿದರೆ ಸುಮಾರು 1225 ವ್ಯಾಟ್ ಮಾತ್ರ. ವೋಲ್ಟೇಜು ಕಾಲು ಭಾಗಕ್ಕಿಂತ ಕಡಿಮೆ ಕುಸಿದರೂ ಶಾಖ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಗೀಸರ್ ಕೆಟ್ಟಿದೆ ಎಂದು ರಿಪೇರಿಯವನನ್ನು ಬೈಯುವ ಮೊದಲು ಇದನ್ನು ನೆನೆಯಬಹುದು.

ಸಡಿಲವಾದ ಪ್ಲಗ್ಗಿನ ವಿಷಯವೂ ಹೀಗೆಯೇ. ಪಿನ್ನು ಸರಿಯಾಗಿ ಕೂರದ ಜಾಗದಲ್ಲಿ ಅರ್ಧ ಓಮ್ ರೋಧ ಉಂಟಾಯಿತು ಎನ್ನೋಣ. ಅಲ್ಲಿ ಹುಟ್ಟುವ ಶಾಖಕ್ಕೆ ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಬೇಕು: 8.7 × 8.7 × 0.5, ಸುಮಾರು 38 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿಯ ಶಾಖ ಹೆಚ್ಚುಕಡಿಮೆ ಇಷ್ಟೇ. ಪ್ಲಗ್ಗು ಕಪ್ಪಾಗಿ, ವಾಸನೆ ಬಂದು, ಕೊನೆಗೆ ಒಳಗಿನ ತಂತಿಯ ಹೊದಿಕೆ ಕರಗುವುದು ಹೀಗೆ. ಕಪ್ಪಾದ ಪ್ಲಗ್ಗನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ಚುಚ್ಚುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮನುಷ್ಯನ ಮೈಯೂ ಒಂದು ತಂತಿ

ಕಾಯಿಲ್‌ಗೆ 26 ಓಮ್ ಆದರೆ ಮನುಷ್ಯನ ಮೈಗೆ ಎಷ್ಟು? ಇದಕ್ಕೆ ಒಂದೇ ಉತ್ತರವಿಲ್ಲ. ಅಪಾಯವಿರುವುದೂ ಅಲ್ಲಿಯೇ.

ಚರ್ಮದ ಒಳಗೆ ನಾವೆಲ್ಲ ಉಪ್ಪುನೀರಿನ ಚೀಲಗಳು. ಕೈಯಿಂದ ಕಾಲಿನವರೆಗೆ ಒಳಗಿನ ರೋಧ ಸುಮಾರು 500 ಓಮ್, ಅಷ್ಟೇ. ನಮ್ಮನ್ನು ಕಾಯುವುದು ಚರ್ಮದ ಮೇಲ್ಪದರದ ಒಣ, ಸತ್ತ ಜೀವಕೋಶಗಳ ತೆಳು ಹೊದಿಕೆ. ಗುದ್ದಲಿ ಹಿಡಿದು ದಡ್ಡುಗಟ್ಟಿದ ಒಣ ಅಂಗೈಯಾದರೆ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. ಅದೇ ಕೈ ನೆನೆದರೆ, ನೆನೆದ ಕಾಲು ಒದ್ದೆ ನೆಲದ ಮೇಲಿದ್ದರೆ, ಒಟ್ಟು ರೋಧ ಒಂದು ಸಾವಿರ ಓಮ್‌ನ ಆಸುಪಾಸಿಗೆ ಇಳಿದುಬಿಡುತ್ತದೆ. ಇಸಿಜಿ ತೆಗೆಯುವಾಗ ನಿಮ್ಮ ಎದೆಗೆ ತಣ್ಣನೆಯ ಜೆಲ್ಲಿ ಹಚ್ಚುತ್ತಾರಲ್ಲ, ಅದು ಚರ್ಮದ ಈ ರೋಧವನ್ನು ಇಳಿಸಿ ಹೃದಯದ ಸಣ್ಣ ವಿದ್ಯುತ್ತು ಹೊರಗೆ ಬರುವಂತೆ ಮಾಡಲಿಕ್ಕೆ. ಸ್ನಾನದ ನೀರು ಅದೇ ಕೆಲಸವನ್ನು ತಿರುಗಾ ಮುರುಗಾ ಮಾಡುತ್ತದೆ. ಹೊರಗಿನ ವಿದ್ಯುತ್ತಿಗೆ ಒಳಗೆ ಬರಲು ಬಾಗಿಲು ತೆರೆಯುತ್ತದೆ.

ಈಗ ಭಾಗಾಕಾರ ಮಾಡಿ. ಒಣ ಕೈ: 230 ಭಾಗಿಸು 1,00,000. ಉತ್ತರ 0.0023 ಆಂಪಿಯರ್. ಆಂಪಿಯರಿನ ಸಾವಿರದ ಒಂದು ಪಾಲಿಗೆ ಮಿಲಿಆಂಪಿಯರ್ ಎನ್ನುತ್ತಾರೆ, ಅಂದರೆ ಇದು 2.3 ಮಿಲಿಆಂಪಿಯರ್. ಒದ್ದೆ ಮೈ: 230 ಭಾಗಿಸು 1000. ಉತ್ತರ 0.23 ಆಂಪಿಯರ್, 230 ಮಿಲಿಆಂಪಿಯರ್. ವೋಲ್ಟೇಜು ಅದೇ, ಮನುಷ್ಯನೂ ಅವನೇ, ಪ್ರವಾಹ ಮಾತ್ರ ನೂರು ಪಟ್ಟು.

ದೇಹಕ್ಕೆ ಇದರ ಪರಿಣಾಮವೇನು? ಅರ್ಧದಿಂದ ಒಂದು ಮಿಲಿಆಂಪಿಯರಿಗೆ ಜುಮ್ಮೆನ್ನುತ್ತದೆ. ಹತ್ತು ದಾಟಿದ ಮೇಲೆ ಕೈಯ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಮುಷ್ಟಿ ಬಿಡಿಸುವ ಸ್ನಾಯುಗಳಿಗಿಂತ ಮುಷ್ಟಿ ಕಟ್ಟುವ ಸ್ನಾಯುಗಳು ಬಲವಾದವು. ಆದ್ದರಿಂದ ಹಿಡಿದ ನಲ್ಲಿಯನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. 'ಕರೆಂಟ್ ಎಳೆದುಕೊಂಡಿತು' ಎನ್ನುತ್ತಾರಲ್ಲ, ಎಳೆದುಕೊಂಡದ್ದು ನಮ್ಮ ಸ್ನಾಯುವೇ. ಹೆಂಗಸರಲ್ಲಿ ಈ ಮಿತಿ ಗಂಡಸರಿಗಿಂತ ಕಡಿಮೆ, ಮಕ್ಕಳಲ್ಲಿ ಇನ್ನೂ ಕಡಿಮೆ. ಇಪ್ಪತ್ತು ಮೂವತ್ತಕ್ಕೆ ಎದೆಯ ಸ್ನಾಯುಗಳು ಬಿಗಿದು ಉಸಿರಾಡುವುದು ಕಷ್ಟವಾಗುತ್ತದೆ, ಕೂಗಲೂ ಆಗುವುದಿಲ್ಲ. ಐವತ್ತರಿಂದ ನೂರರವರೆಗಿನ ಪ್ರವಾಹ ಎದೆಯ ಮೂಲಕ ಒಂದು ಸೆಕೆಂಡಿನಷ್ಟು ಹೊತ್ತು ಹರಿದರೆ ಹೃದಯದ ಲಯ ತಪ್ಪಬಹುದು.

ಲಯ ತಪ್ಪುವುದೆಂದರೆ ಬಡಿತ ಜೋರಾಗುವುದೆಂದು ತಿಳಿಯಬೇಡಿ. ಹೃದಯದ ಕೆಳಗಿನ ಕೋಣೆಗಳ ಸ್ನಾಯುತಂತುಗಳು ಒಟ್ಟಾಗಿ ಸಂಕುಚಿಸುವುದನ್ನು ಬಿಟ್ಟು ಒಂದೊಂದೂ ತನ್ನಷ್ಟಕ್ಕೆ ಅದುರತೊಡಗುತ್ತವೆ. ತೇರು ಎಳೆಯುವವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹಗ್ಗ ಜಗ್ಗಿದ ಹಾಗೆ. ತೇರು ನಿಂತಲ್ಲೇ ನಿಲ್ಲುತ್ತದೆ, ರಕ್ತವೂ ನಿಲ್ಲುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ.

ಹಾಗಾದರೆ ಎಷ್ಟು ಪ್ರವಾಹ ಸಾಕು ಎಂಬುದನ್ನು ಮನೆಯ ಸಾಮಾನಿನಿಂದಲೇ ತಿಳಿಯಬಹುದು. ದೇವರ ಮನೆಯಲ್ಲಿ ಹಿಂದೆ ಉರಿಯುತ್ತಿದ್ದ ಜೀರೋ ಬಲ್ಬ್ ನೆನಪಿದೆಯೆ? ಹೆಸರಿಗೆ ಜೀರೋ, ವಾಸ್ತವದಲ್ಲಿ ಸುಮಾರು 15 ವ್ಯಾಟ್. 15ನ್ನು 230ರಿಂದ ಭಾಗಿಸಿದರೆ 65 ಮಿಲಿಆಂಪಿಯರ್. ಆ ಮಿಣುಕು ದೀಪದಲ್ಲಿ ಹರಿಯುತ್ತಿದ್ದಷ್ಟು ಪ್ರವಾಹ ಒಬ್ಬ ಆರೋಗ್ಯವಂತ ಮನುಷ್ಯನ ಹೃದಯ ನಿಲ್ಲಿಸಲು ಸಾಕು.

ಕೊಲ್ಲುವುದು ವೋಲ್ಟೇಜೋ ಕರೆಂಟೋ ಎಂದು ಹುಡುಗರು ವಾದ ಮಾಡುವುದುಂಟು. ಕೊಲ್ಲುವುದು ಪ್ರವಾಹ, ಆದರೆ ಅದನ್ನು ನೂಕುವುದು ವೋಲ್ಟೇಜ್, ತಡೆಯುವುದು ರೋಧ. ಕಾರಿನ ಬ್ಯಾಟರಿ ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಕೊಡಬಲ್ಲದು. ಆದರೂ ಒಣಗೈಯಲ್ಲಿ ಅದರ ಎರಡೂ ತುದಿ ಮುಟ್ಟಿದರೆ ಏನೂ ಆಗುವುದಿಲ್ಲ. 12 ವೋಲ್ಟಿನ ಒತ್ತಡ ಚರ್ಮವನ್ನು ದಾಟಿ ಅಷ್ಟನ್ನು ನೂಕಲಾರದು. ಮನೆಯ ಇನ್ವರ್ಟರ್ ಕೂಡ ಬ್ಯಾಟರಿಯದೇ ಅಲ್ಲವೆ, ಅದು ಹೊಡೆಯುವುದಿಲ್ಲ ಎಂದು ಒಬ್ಬರು ನನ್ನೊಡನೆ ವಾದಿಸಿದ್ದರು. ತಪ್ಪು. ಇನ್ವರ್ಟರ್ ಆ 12 ವೋಲ್ಟನ್ನು 230ಕ್ಕೆ ಏರಿಸಿಯೇ ದೀಪಕ್ಕೆ ಕೊಡುತ್ತದೆ. ಅದರ ಹೊಡೆತ ಕಂಬದ ಕರೆಂಟಿನ ಹೊಡೆತಕ್ಕೆ ಸಮ.

ಆ ಎರಡು ತಿಂಗಳು

ಈಗ 'ಏನೂ ಆಗಿಲ್ಲವಲ್ಲ' ಎಂಬ ಮಾತಿಗೆ ಬರೋಣ. ಜುಮ್ಮೆಂದರೆ ಸುಮಾರು ಒಂದು ಮಿಲಿಆಂಪಿಯರ್. 230ನ್ನು 0.001ರಿಂದ ಭಾಗಿಸಿ: ಒಟ್ಟು ರೋಧ 2,30,000 ಓಮ್. ಈ ರೋಧ ಒಂದೇ ಜಾಗದಲ್ಲಿಲ್ಲ. ಗೀಸರಿನ ಕಾಯಿಲ್‌ನಿಂದ ಲೋಹದ ಮೈಗೆ ಸೋರುವ ದಾರಿಯಲ್ಲಿ ಒಂದಿಷ್ಟು, ಕೈ ಚರ್ಮದಲ್ಲಿ ಒಂದಿಷ್ಟು, ರಬ್ಬರ್ ಚಪ್ಪಲಿಯಲ್ಲಿ ಒಂದಿಷ್ಟು. ಎಲ್ಲ ಒಂದರ ಹಿಂದೆ ಒಂದು ಇರುವುದರಿಂದ ಕೂಡುತ್ತವೆ. ಈ ಮೊತ್ತದಲ್ಲಿ ಗೀಸರಿನ ಪಾಲೆಷ್ಟು, ಚಪ್ಪಲಿಯ ಪಾಲೆಷ್ಟು ಎಂಬುದನ್ನು ಬೆರಳಿನ ಜುಮ್ಮು ಹೇಳಲಾರದು.

ಗೀಸರಿನ ಸೋರಿಕೆಯ ದಾರಿಯಲ್ಲಿ 20,000 ಓಮ್ ಮಾತ್ರ ಇತ್ತು, ಉಳಿದ ಎರಡು ಲಕ್ಷ ಚಿಲ್ಲರೆ ಚರ್ಮ ಮತ್ತು ಚಪ್ಪಲಿಯದು ಎಂದಿಟ್ಟುಕೊಳ್ಳಿ. ಒಂದು ದಿನ ಚಪ್ಪಲಿ ಬಿಟ್ಟು, ಮೈಗೆ ನೀರು ಹಾಕಿಕೊಂಡ ಮೇಲೆ ನಲ್ಲಿ ಮುಟ್ಟಿದರೆ ಒಟ್ಟು ರೋಧ 21,000. ಪ್ರವಾಹ 11 ಮಿಲಿಆಂಪಿಯರ್. ಕೈ ಅಂಟಿಕೊಳ್ಳುತ್ತದೆ. ಕಾಯಿಲ್‌ನ ಬಿರುಕು ಬೆಳೆದು ಸೋರಿಕೆಯ ದಾರಿ 2,000 ಓಮ್‌ಗೆ ಇಳಿಯಿತು ಎನ್ನಿ. ಆಗ ಒಟ್ಟು 3,000. ಪ್ರವಾಹ 77 ಮಿಲಿಆಂಪಿಯರ್. ಅದು ಹೃದಯದ ಲಯ ತಪ್ಪಿಸುವ ಅಳತೆ. ಬಿರುಕು ಎಂದು ಬೆಳೆಯುತ್ತದೆಂಬುದು ಗೀಸರಿನ ಹೊರಗಿನಿಂದ ಕಾಣುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟಾಗ ನಲ್ಲಿಯಲ್ಲಿಯೇ ದೀಪ ಹತ್ತಿಕೊಂಡಿತಂತೆ. ಆ ಟೆಸ್ಟರಿನಲ್ಲಿಯೂ ಓಮ್‌ನ ನಿಯಮವೇ ಕೆಲಸ ಮಾಡುತ್ತದೆ. ಒಳಗೆ ಸುಮಾರು ಹತ್ತು ಲಕ್ಷ ಓಮ್‌ನ ಪುಟ್ಟ ರೋಧಕವಿರುವುದರಿಂದ ಬೆರಳಿನ ಮೂಲಕ ಹೆಚ್ಚೆಂದರೆ ಕಾಲು ಮಿಲಿಆಂಪಿಯರ್ ಹರಿಯುತ್ತದೆ, ನಮಗೆ ತಿಳಿಯುವುದೂ ಇಲ್ಲ. ಬಿಚ್ಚಿ ನೋಡಿದರೆ ಬೋರ್‌ವೆಲ್ಲಿನ ಗಡಸು ನೀರಿನಿಂದ ಕಾಯಿಲ್‌ನ ಮೇಲೆ ಸುಣ್ಣದ ಪದರ ಕಟ್ಟಿ ಹೊರಕವಚ ಒಡೆದಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ: ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಜೋಡಿಸಿರಲಿಲ್ಲ. ಮನೆ ಕಟ್ಟಿ ಹನ್ನೊಂದು ವರ್ಷ, ಆವತ್ತಿನಿಂದ ಅರ್ಥಿಂಗ್ ಇಲ್ಲ! ಹಿಂದೆ ಕಬ್ಬಿಣದ ನೀರಿನ ಕೊಳವೆಗಳಾದರೂ ನೆಲಕ್ಕೆ ಹೂತಿದ್ದು ಸೋರಿಕೆಯನ್ನು ಸ್ವಲ್ಪ ಇಳಿಸಿಕೊಳ್ಳುತ್ತಿದ್ದವು. ಈಗ ಎಲ್ಲೆಡೆ ಪಿವಿಸಿ ಕೊಳವೆ. ಗೀಸರಿನ ಮೈಗೆ ಬಂದ ವಿದ್ಯುತ್ತು ನೆಲಕ್ಕಿಳಿಯಲು ನಲ್ಲಿ ಮುಟ್ಟುವ ಮನುಷ್ಯನನ್ನೇ ಕಾಯುತ್ತದೆ.

ಫ್ಯೂಸ್ ನಿಮ್ಮನ್ನು ಕಾಯುವುದಿಲ್ಲ

"ಫ್ಯೂಸ್ ಇದೆಯಲ್ಲ, ಹೋಗುತ್ತೆ ಬಿಡಿ" ಎನ್ನುವವರಿಗೂ ಒಂದು ಲೆಕ್ಕ. 5 ಆಂಪಿಯರಿನ ಫ್ಯೂಸಿಗೆ ಅಷ್ಟು ಪ್ರವಾಹ ಮುಟ್ಟಬೇಕಾದರೆ ದಾರಿಯ ರೋಧ 230 ಭಾಗಿಸು 5, ಅಂದರೆ 46 ಓಮ್ ಇರಬೇಕು. ಯಾವ ಮನುಷ್ಯನ ಮೈಯೂ 46 ಓಮ್‌ಗೆ ಇಳಿಯುವುದಿಲ್ಲ. ಮನುಷ್ಯ ಸತ್ತರೂ ಫ್ಯೂಸ್ ಹೋಗುವುದಿಲ್ಲ. ಫ್ಯೂಸು, ಈಗಿನ ಎಂಸಿಬಿ, ಎರಡೂ ಇರುವುದು ತಂತಿ ಸುಟ್ಟು ಮನೆಗೆ ಬೆಂಕಿ ಬೀಳದಂತೆ ಕಾಯಲು.

ಅರ್ಥಿಂಗ್ ಇದ್ದರೆ ಸೋರಿದ ವಿದ್ಯುತ್ತಿಗೆ ಸುಲಭದ ದಾರಿ ಸಿಗುತ್ತದೆ. ಆದರೆ ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ವರ್ಷಗಟ್ಟಲೆ ನೀರು ಹುಯ್ಯದೆ ಒಣಗಿಸಿದ್ದರೆ ಅದರ ರೋಧ ಏರುತ್ತದೆ. 20 ಓಮ್ ಆಯಿತೆನ್ನಿ. ಕಾಯಿಲ್ ಪೂರ್ತಿ ಒಡೆದು ಗೀಸರಿನ ಮೈಗೆ ತಾಗಿದರೂ ಪ್ರವಾಹ 230 ಭಾಗಿಸು 20, ಅಂದರೆ 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಸುಮ್ಮನೆ ಕುಳಿತಿರುತ್ತದೆ, ಗೀಸರಿನ ಮೈ ಜೀವಂತವಾಗಿಯೇ ಇರುತ್ತದೆ. ಅರ್ಥಿಂಗ್ ಇದೆ ಎಂಬ ಸಮಾಧಾನದಲ್ಲಿ ಇರುವವರು ಎರಡು ಮೂರು ವರ್ಷಕ್ಕೊಮ್ಮೆಯಾದರೂ ಅದರ ರೋಧವನ್ನು ಅಳೆಸುವುದು ಇದಕ್ಕಾಗಿ.

ಈ ಕೊರತೆ ತುಂಬುವುದು ಆರ್‌ಸಿಸಿಬಿ ಎಂಬ ಸಾಧನ. ಅದು ಹಳೆಯ ಶಾನುಭೋಗರ ಹಾಗೆ. ಫೇಸಿನಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲ್‌ನಲ್ಲಿ ವಾಪಸು ಬಂದ ಪ್ರವಾಹವನ್ನೂ ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಲೆಕ್ಕ ತಪ್ಪಿದರೆ, ಅದು ಎಲ್ಲೋ ನೆಲಕ್ಕೆ ಸೋರಿದೆ, ಬಹುಶಃ ಒಬ್ಬರ ಮೈಯ ಮೂಲಕ, ಎಂದು ತಿಳಿದು 0.3 ಸೆಕೆಂಡಿನೊಳಗೆ ಕಡಿದುಹಾಕುತ್ತದೆ. 30 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಈಗ ನಿಮಗೆ ಹೇಳಬೇಕಾಗಿಲ್ಲ. ಕೊಳ್ಳುವಾಗ 30 ಎಂದೇ ಕೇಳಿ. 100, 300ರವು ಬೆಂಕಿ ತಡೆಯಲು, ಮನುಷ್ಯರಿಗಲ್ಲ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಕೂಡಲೇ ಬೀಳಬೇಕು. ಒಂದು ಮಿತಿಯನ್ನೂ ಹೇಳಬೇಕು: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಹೋದದ್ದೂ ಬಂದದ್ದೂ ಸರಿಹೋಗುತ್ತದೆ, ಶಾನುಭೋಗರು ಮೋಸ ಹೋಗುತ್ತಾರೆ.

ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್ ಬಗ್ಗೆ ಒಂದೇ ಮಾತು. ನೀರು ಕಾಯ್ತೋ ಎಂದು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕೀಳಿ.

ಅಡಿಕೆ ತೋಟದ ದೋಟಿ

ಮನೆಯ ಶಾಕಿನಿಂದ ಸತ್ತವರ ಮೈಮೇಲೆ ಕೆಲವೊಮ್ಮೆ ಗಾಯವೇ ಇರುವುದಿಲ್ಲ. ಬೆರಳ ತುದಿಯಲ್ಲಿ ಒಂದು ಬಿಳಿಚಿದ ಚುಕ್ಕೆ ಇದ್ದರೆ ಉಂಟು. ಮನೆಯವರು ನಂಬುವುದಿಲ್ಲ. ಸಾಮರ್ಥ್ಯದ ಲೆಕ್ಕ ಮಾಡಿದರೆ ಕಾರಣ ತಿಳಿಯುತ್ತದೆ: 230 ವೋಲ್ಟ್ × 0.23 ಆಂಪಿಯರ್ = 53 ವ್ಯಾಟ್. ಒಂದು ಹಳೆಯ ಬಲ್ಬಿನ ಶಾಖವನ್ನು ಇಡೀ ದೇಹಕ್ಕೆ ಹಂಚಿದ ಹಾಗೆ. ಸುಡಲು ಅದು ಸಾಲದು, ಹೃದಯದ ಲಯ ಕೆಡಿಸಲು ಸಾಕು.

ಇದಕ್ಕೆ ವಿರುದ್ಧವಾದದ್ದನ್ನೂ ನಾನು ಕಂಡಿದ್ದೇನೆ. ಅಡಿಕೆ ಕೊಯ್ಯುತ್ತಿದ್ದ ಇಪ್ಪತ್ತರ ಹುಡುಗನ ಅಲ್ಯೂಮಿನಿಯಂ ದೋಟಿ ತೋಟದ ಮೇಲೆ ಹಾದುಹೋದ 11,000 ವೋಲ್ಟಿನ ತಂತಿಗೆ ತಾಗಿತ್ತು. ಒಂದು ತಂತಿಗೂ ನೆಲಕ್ಕೂ ನಡುವೆ ಅಲ್ಲಿ ಸುಮಾರು 6,350 ವೋಲ್ಟ್ ಇರುತ್ತದೆ. ಈ ಒತ್ತಡಕ್ಕೆ ಚರ್ಮ ಲೆಕ್ಕಕ್ಕೇ ಇಲ್ಲ, ತೂತು ಬೀಳುತ್ತದೆ. ಮೈಯ ರೋಧ ಸಾವಿರ ಓಮ್ ಎಂದು ಹಿಡಿದರೂ 6.35 ಆಂಪಿಯರ್. ಗುಣಿಸಿ ನೋಡಿ: 40,000 ವ್ಯಾಟ್. ಇಪ್ಪತ್ತು ಗೀಸರುಗಳ ಶಾಖ ಒಬ್ಬ ಹುಡುಗನ ತೋಳು, ಮುಂಡ, ಕಾಲಿನೊಳಗೆ! ದೋಟಿ ಕೈಯಿಂದ ಸಿಡಿದದ್ದರಿಂದ ಅವನು ಬದುಕಿ ನನ್ನಲ್ಲಿಗೆ ಬಂದ. ಅಂಗೈಯಲ್ಲಿ ನಾಲ್ಕಾಣೆಯಗಲದ ಕಪ್ಪು ಗಾಯ, ಹಿಮ್ಮಡಿಯಲ್ಲಿ ಇನ್ನೊಂದು. ಹುಡುಗ ಮಾತನಾಡುತ್ತಿದ್ದ. ಜೊತೆಗೆ ಬಂದವರು "ಚಿಕ್ಕ ಗಾಯ, ಮುಲಾಮು ಹಚ್ಚಿ ಡಾಕ್ಟ್ರೇ, ಕರ್ಕೊಂಡು ಹೋಗ್ತೀವಿ" ಎಂದರು. ಮೂತ್ರ ನೋಡಿದರೆ ಕಡುಚಹಾದ ಬಣ್ಣ. ಒಳಗೆ ಬೆಂದ ಸ್ನಾಯುಗಳ ವರ್ಣದ್ರವ್ಯ ರಕ್ತಕ್ಕಿಳಿದು ಮೂತ್ರಪಿಂಡಗಳನ್ನು ಮುಚ್ಚತೊಡಗಿತ್ತು. ಕೂಡಲೇ ರಕ್ತನಾಳಕ್ಕೆ ದ್ರವ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಮೂತ್ರಪಿಂಡ ಉಳಿಯಿತು, ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಹೈಟೆನ್ಷನ್ ತಂತಿಯ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಊರ ಮೇಲೆ ಅಷ್ಟು ವೋಲ್ಟೇಜು ಯಾಕೆ ಬೇಕು ಎಂದು ಆ ಹುಡುಗನ ತಂದೆ ಕೋಪದಲ್ಲಿ ಕೇಳಿದ್ದರು. ಅದಕ್ಕೂ ಇದೇ ಲೆಕ್ಕ. ವೋಲ್ಟೇಜು ಹೆಚ್ಚಿಸಿದರೆ ಅಷ್ಟೇ ಸಾಮರ್ಥ್ಯವನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದು. ಪ್ರವಾಹ ಹತ್ತನೆಯ ಒಂದು ಪಾಲಾದರೆ ತಂತಿಯಲ್ಲಿ ಶಾಖವಾಗಿ ಹಾಳಾಗುವುದು ನೂರನೆಯ ಒಂದು ಪಾಲು. ಅವರಿಗೆ ಆವತ್ತು ನಾನು ಇದನ್ನು ಹೇಳಲಿಲ್ಲ. ತಂತಿಯಡಿ ಲೋಹದ ದೋಟಿ, ಏಣಿ, ನೀರಾವರಿ ಪೈಪು ಎತ್ತಬೇಡಿ ಎಂದಷ್ಟೇ ಹೇಳಿದೆ.

ಶಾಕ್ ಹೊಡೆದಾಗ

ಒಬ್ಬರು ವಿದ್ಯುತ್ತಿಗೆ ಸಿಕ್ಕಿಕೊಂಡಿದ್ದರೆ ಮೊದಲು ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದ ಮೇಲೂ ಕೆಲವು ತಂತಿಗಳಲ್ಲಿ 230 ವೋಲ್ಟ್ ಇರುತ್ತದೆ, ಅದನ್ನೂ ಆರಿಸಿ. ಸ್ವಿಚ್ ಸಿಗದಿದ್ದರೆ ಒಣಗಿದ ಮಣೆಯ ಮೇಲೆ ನಿಂತು, ಒಣ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಅವರನ್ನು ನೂಕಿ. ಇದು ಮನೆಯ ವಿದ್ಯುತ್ತಿಗೆ ಮಾತ್ರ. ಕಂಬದ ಹೈಟೆನ್ಷನ್ ತಂತಿ ಬಿದ್ದಿದ್ದರೆ ಕೋಲು, ಕುರ್ಚಿ ಯಾವುದೂ ಉಪಯೋಗಕ್ಕಿಲ್ಲ. ಕನಿಷ್ಠ ಹತ್ತು ಮೀಟರ್ ದೂರ ನಿಂತು 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಲೈನ್ ಆಫ್ ಆಗುವವರೆಗೆ ಹತ್ತಿರ ಹೋಗಬಾರದು, ನೋಡುತ್ತ ನಿಲ್ಲುವುದು ಎಷ್ಟೇ ಕಷ್ಟವಾದರೂ.

ಬಿಡಿಸಿದ ಮೇಲೆ ಕರೆದು ನೋಡಿ. ಉತ್ತರವಿಲ್ಲ, ಸರಿಯಾದ ಉಸಿರಿಲ್ಲ ಎಂದರೆ ಕೈಕಾಲು ತಿಕ್ಕುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಬಿಡುವುದರಲ್ಲಿ ಕಾಲ ಕಳೆಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಇಟ್ಟು, ಮೊಣಕೈ ಮಡಿಸದೆ, ಐದು ಸೆಂಟಿಮೀಟರ್ ಆಳಕ್ಕೆ ಒತ್ತಿ ಬಿಡಬೇಕು. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಬಾಯಿಂದ ಬಾಯಿಗೆ ಉಸಿರು ಕೊಡಲು ಕಲಿತವರಿದ್ದರೆ ಮೂವತ್ತು ಒತ್ತಿಗೆ ಎರಡು ಉಸಿರು ಕೊಡಲಿ. ಶಾಕ್‌ನಲ್ಲಿ ಉಸಿರಾಟ ಮಾತ್ರ ನಿಂತು ಹೃದಯ ಇನ್ನೂ ಬಡಿಯುತ್ತಿರುವುದುಂಟು. ಸಾಮಾನ್ಯವಾಗಿ ಇವರದು ಕಾಯಿಲೆಯಿಲ್ಲದ, ಪ್ರಾಯದ ಹೃದಯ. ಆಸ್ಪತ್ರೆ ತಲುಪುವವರೆಗೂ ಒತ್ತುವುದನ್ನು ನಿಲ್ಲಿಸದಿದ್ದರೆ ಮರಳಿ ಬರುವ ಸಾಧ್ಯತೆ ಇದೆ. ಅಲ್ಲಿ ಲಯ ತಪ್ಪಿದ ಹೃದಯವನ್ನು ಸರಿಪಡಿಸುವುದೂ ಇನ್ನೊಂದು ವಿದ್ಯುತ್ ಆಘಾತದಿಂದಲೇ, ಆದರೆ ಅದು ಅಳೆದು ತೂಗಿ ಕೆಲವೇ ಸಾವಿರದ ಒಂದು ಪಾಲಿನ ಸೆಕೆಂಡುಗಳಷ್ಟು ಹೊತ್ತು ಕೊಡುವಂಥದ್ದು.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ದೋಸೆ ಹಿಟ್ಟು ಬೇಡ. ವಿದ್ಯುತ್ತಿನಿಂದ ದೂರ ಬಂದ ಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಾಕಿ, ಶುಚಿಯಾದ ಬಟ್ಟೆ ಸುತ್ತಿ. ಎಚ್ಚರ ತಪ್ಪಿದ್ದವರು, ಎದೆನೋವು ಅಥವಾ ಎದೆ ಡವಡವ ಎನ್ನುವವರು, ಒದ್ದೆ ಮೈಯಲ್ಲಿ ಶಾಕ್ ಹೊಡೆಸಿಕೊಂಡವರು, ಹೃದ್ರೋಗಿಗಳು ಮತ್ತು ಗರ್ಭಿಣಿಯರು ಅದೇ ದಿನ ಇಸಿಜಿ ಮಾಡಿಸಿಕೊಳ್ಳಬೇಕು. ವೈರ್ ಕಚ್ಚಿ ತುಟಿ ಸುಟ್ಟುಕೊಂಡ ಮಗುವಿಗೆ ಒಂದೆರಡು ವಾರದೊಳಗೆ ಆ ಜಾಗದಿಂದ ಜೋರಾಗಿ ರಕ್ತ ಸೋರಬಹುದು. ಗಾಯ ಒಣಗಿತೆಂದು ಸುಮ್ಮನಿರದೆ ತೋರಿಸುತ್ತಿರಿ.

ಅಂದಹಾಗೆ, ಆ ತಾಯಿ ಹೋದ ತಿಂಗಳು ಸಕ್ಕರೆ ನೋಡಿಸಲು ಬಂದಿದ್ದರು. ಹೊಸ ಕಾಯಿಲ್, ಅರ್ಥ್ ತಂತಿ, ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಲ್ಲ ಹಾಕಿಸಿದ್ದಾರೆ. ಜುಮು ಹೋಗಿದೆ. "ಆ ಬಿ-ಕಾಂಪ್ಲೆಕ್ಸ್ ಇನ್ನೂ ನುಂಗಬೇಕಾ ಡಾಕ್ಟ್ರೇ?" ಎಂದು ಕೇಳಿದರು. ಬೇಡ ಎಂದೆ.